ಕೆನಡಾದ ಮೊದಲ ಚಳಿಗಾಲ: ವಿಂಡ್ ಚಿಲ್ ನೋಡಿ ಕೈಗವಸು ಆರಿಸಿ

ವಿನ್ನಿಪೆಗ್‌ನಲ್ಲಿ ಅದು ನನ್ನ ಮೊದಲ ಜನವರಿ. ಬಸ್ ಎಷ್ಟು ಹೊತ್ತಿಗೆ ಅಂತ ಫೋನಿನಲ್ಲಿ ನೋಡಲು ಬಲಗೈ ಗ್ಲೌಸ್ ತೆಗೆದೆ. ಆಮೇಲೆ ಒಂದು ಮೆಸೇಜಿಗೆ ಉತ್ತರ ಬರೆದೆ. ಎಲ್ಲಾ ಸೇರಿ ಐದು ನಿಮಿಷ ಆಗಿರಬಹುದು. ಮೊದಲು ಬೆರಳು ಚುರುಚುರು ಅಂದಿತು, ಆಮೇಲೆ ನೋವು ಹೋಯಿತು. ಚಳಿ ಅಭ್ಯಾಸ ಆಗುತ್ತಿದೆ ಅಂದುಕೊಂಡೆ. ಬಸ್ ಹತ್ತಿ ನೋಡಿದರೆ ತೋರುಬೆರಳಿನ ತುದಿ ಮೇಣದ ಬಣ್ಣಕ್ಕೆ ತಿರುಗಿತ್ತು. ಮುಟ್ಟಿದರೆ ಬೇರೆ ಯಾರದೋ ಬೆರಳು ಮುಟ್ಟಿದ ಹಾಗೆ. ಕಂಕುಳಲ್ಲಿ ಇಟ್ಟುಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ಕೆಂಪಾಗಿ ಉರಿಯತೊಡಗಿತು. ಆ ಉರಿ ಬಂದಾಗ ನನಗೆ ಜೀವ ಬಂದಂತಾಯಿತು.

ಅವತ್ತು ನಾನು ಬೆಳಿಗ್ಗೆ ನೋಡಿದ್ದು ಮೈನಸ್ 28 ಡಿಗ್ರಿ ಅನ್ನುವ ಅಂಕಿ ಮಾತ್ರ. ಅದರ ಕೆಳಗೇ ಇನ್ನೊಂದು ಅಂಕಿ ಇತ್ತು, ವಿಂಡ್ ಚಿಲ್ ಮೈನಸ್ 41 ಅಂತ. ಕೆನಡಾಕ್ಕೆ ಹೊಸದಾಗಿ ಬಂದವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ: ಹೊರಗೆ ಕಾಲಿಡುವ ಮುಂಚೆ ಎರಡನೇ ಅಂಕಿ ನೋಡಿ.

ನಮ್ಮ ಚರ್ಮದ ಸುತ್ತ ಬೆಚ್ಚಗಿನ ಗಾಳಿಯ ತೆಳು ಪದರ ಇರುತ್ತದೆ. ಗಾಳಿ ಬೀಸಿದರೆ ಆ ಪದರ ಹಾರಿಹೋಗುತ್ತದೆ, ಚರ್ಮ ಬೇಗ ತಣ್ಣಗಾಗುತ್ತದೆ. ಎಷ್ಟು ಬೇಗ ಅನ್ನುವುದನ್ನು ಹೇಳುವ ಲೆಕ್ಕವೇ ವಿಂಡ್ ಚಿಲ್. ಈಗಿನ ಸೂತ್ರ ಕೆನಡಾ ಮತ್ತು ಅಮೆರಿಕ ಸೇರಿ 2001ರಲ್ಲಿ ತಂದದ್ದು. ಉದಾಹರಣೆಗೆ, ಮೈನಸ್ 20 ಡಿಗ್ರಿ ಇದ್ದು ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ವಿಂಡ್ ಚಿಲ್ ಮೈನಸ್ 33 ಆಗುತ್ತದೆ. ಇಲ್ಲಿ ಅದನ್ನು ಡಿಗ್ರಿ ಅನ್ನದೆ ಬರೀ ಅಂಕಿಯಾಗಿ ಹೇಳುತ್ತಾರೆ.

ಆ ಅಂಕಿಯನ್ನು ನಿಮಿಷಕ್ಕೆ ತಿರುಗಿಸಿಕೊಳ್ಳಿ. ಮೈನಸ್ 28ರಿಂದ ಮೈನಸ್ 39ರ ತನಕ ಬರಿಯ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಮೈನಸ್ 40 ದಾಟಿದರೆ 5ರಿಂದ 10 ನಿಮಿಷ. ಮೈನಸ್ 48 ದಾಟಿದರೆ 2ರಿಂದ 5 ನಿಮಿಷ. ಬಸ್ 12 ನಿಮಿಷ ತಡ ಅಂತ ಆ್ಯಪ್ ತೋರಿಸಿದರೆ ಒಳಗೇ ಕಾಯಬೇಕಾ, ಹೊರಗೆ ನಿಲ್ಲಬಹುದಾ ಅಂತ ಈ ಲೆಕ್ಕ ಇಟ್ಟುಕೊಂಡೇ ತೀರ್ಮಾನ ಮಾಡಿ.

ಹವಾಮಾನ ಎಚ್ಚರಿಕೆ ಕೊಡುವುದು ಕೇಂದ್ರ ಸರ್ಕಾರದ ಎನ್ವಿರಾನ್‌ಮೆಂಟ್ ಕೆನಡಾ. ಅವರದ್ದೇ ವೆದರ್‌ಕ್ಯಾನ್ ಆ್ಯಪ್ ಉಚಿತ. ಹಾಕಿಕೊಂಡು ನಿಮ್ಮ ಊರಿನ ಎಚ್ಚರಿಕೆ ಆನ್ ಮಾಡಿಡಿ. 2025ರ ನವೆಂಬರ್‌ನಿಂದ ಎಚ್ಚರಿಕೆಗಳಿಗೆ ಹಳದಿ, ಕಿತ್ತಳೆ, ಕೆಂಪು ಬಣ್ಣ ಕೊಡುತ್ತಿದ್ದಾರೆ. ಕೆಂಪು ಅಂದರೆ ಎಲ್ಲಕ್ಕಿಂತ ಗಂಭೀರ. ಒಂದು ವಿಷಯ ಗಮನದಲ್ಲಿರಲಿ. ಚಳಿಯ ಎಚ್ಚರಿಕೆಗೆ ದೇಶಕ್ಕೆಲ್ಲ ಒಂದೇ ಮಟ್ಟ ಇಲ್ಲ. ಟೊರಾಂಟೊ ಕಡೆ ಮೈನಸ್ 30ಕ್ಕೇ ಕೊಡುತ್ತಾರೆ, ಮ್ಯಾನಿಟೋಬಾ, ಸಸ್ಕಾಚೆವಾನ್‌ನಂಥ ಕಡೆ ಮೈನಸ್ 40ರ ಹತ್ತಿರ ಬರಬೇಕು. ಹಾಗಾಗಿ ಟೊರಾಂಟೊದಿಂದ ಸಸ್ಕಟೂನ್‌ಗೆ ಮನೆ ಬದಲಿಸಿದವರು, ಎಚ್ಚರಿಕೆ ಇಲ್ಲವಲ್ಲ ಅಂತ ಸುಮ್ನೆ ತೆಳು ಗ್ಲೌಸಿನಲ್ಲಿ ಹೊರಡಬೇಡಿ.

ಈಗ ಕೈಗವಸಿನ ವಿಷಯಕ್ಕೆ ಬರೋಣ. ಮೈಗೆ ಚಳಿ ತಗುಲಿದಾಗ ದೇಹ ಹೃದಯ, ಮಿದುಳನ್ನು ಕಾಪಾಡಿಕೊಳ್ಳಲು ಕೈಕಾಲಿನ ಕಡೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತದೆ. ಬೆರಳ ತುದಿಗಂತೂ ರಕ್ತ ತಲುಪುವುದೇ ಕಷ್ಟ. ಗ್ಲೌಸ್ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ, ನಿಮ್ಮ ಕೈಯಲ್ಲಿರುವ ಬಿಸಿಯನ್ನು ಹಿಡಿದಿಡುತ್ತದೆ ಅಷ್ಟೇ. ಅದಕ್ಕೇ ಎದೆ, ಹೊಟ್ಟೆ, ತಲೆ ಬೆಚ್ಚಗಿಲ್ಲದಿದ್ದರೆ ಎಷ್ಟು ದುಬಾರಿ ಗ್ಲೌಸ್ ಹಾಕಿದರೂ ಕೈ ತಣ್ಣಗೇ ಇರುತ್ತದೆ. ಒಳ್ಳೆ ಜಾಕೆಟ್ಟಿಗೆ, ಟೋಪಿಗೆ ಮೊದಲು ದುಡ್ಡು ಹಾಕಿ.

ಐದು ಬೆರಳಿಗೂ ಬೇರೆ ಬೇರೆ ಗೂಡು ಇರುವ ಗ್ಲೌಸಿಗಿಂತ ಮಿಟನ್ಸ್ ಬೆಚ್ಚಗೆ. ನಾಲ್ಕು ಬೆರಳು ಒಂದೇ ಚೀಲದಲ್ಲಿ ಒಟ್ಟಿಗೆ ಇದ್ದು ಒಂದರ ಬಿಸಿ ಇನ್ನೊಂದಕ್ಕೆ ಸಿಗುತ್ತದೆ. ಮಕ್ಕಳ ಸಾಮಾನು ಥರ ಕಾಣುತ್ತದೆ ಅಂತ ಎಷ್ಟೋ ಜನ ಬೇಡ ಅನ್ನುತ್ತಾರೆ. ನಾನೂ ಅಂದಿದ್ದೆ. ಆದರೆ ಮೈನಸ್ 25ರ ಕೆಳಗೆ ಹೊರಗೆ ನಿಲ್ಲುವ ಕೆಲಸ ಇದ್ದರೆ ಮಿಟನ್ಸೇ ಬೇಕು, ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಇನ್ನೂ ಒಳ್ಳೆಯದು ಎರಡು ಪದರ: ಒಳಗೆ ಮೆರಿನೋ ಉಣ್ಣೆಯ ಅಥವಾ ಸಿಂಥೆಟಿಕ್ ಬಟ್ಟೆಯ ತೆಳು ಲೈನರ್ ಗ್ಲೌಸ್, ಹೊರಗೆ ಗಾಳಿ ತಡೆಯುವ ದೊಡ್ಡ ಮಿಟನ್. ಫೋನ್ ಮುಟ್ಟಲು, ಬೀಗ ತೆಗೆಯಲು, ಮಗುವಿನ ಜಿಪ್ ಎಳೆಯಲು ಹೊರಗಿನದನ್ನು ಕಳಚಿದರೂ ಚರ್ಮ ಬರಿದಾಗುವುದಿಲ್ಲ. ಆ ಲೈನರ್ ಅವತ್ತು ನನ್ನ ಕೈಯಲ್ಲಿ ಇದ್ದಿದ್ದರೆ ಬೆರಳಿಗೆ ಹಾಗಾಗುತ್ತಿರಲಿಲ್ಲ. ಹತ್ತಿಯ ಲೈನರ್ ಮಾತ್ರ ಬೇಡ. ಹತ್ತಿ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ.

ಅಂಗಡಿಯಲ್ಲಿ ಲೇಬಲ್ ಮೇಲೆ ಥಿನ್ಸುಲೇಟ್ (ಬೆಚ್ಚಗಿಡಲು ಒಳಗೆ ತುಂಬುವ ಒಂದು ಸಿಂಥೆಟಿಕ್ ವಸ್ತು) 40 ಗ್ರಾಂ, 100 ಗ್ರಾಂ, 150 ಗ್ರಾಂ ಅಂತ ಇರುತ್ತದೆ. ಅದು ಗ್ಲೌಸಿನ ತೂಕ ಅಲ್ಲ, ಒಂದು ಚದರ ಮೀಟರ್ ತುಂಬುವಸ್ತುವಿನ ತೂಕ. ಒಂದೇ ಬಗೆಯಲ್ಲಿ ಅಂಕಿ ಜಾಸ್ತಿ ಆದಷ್ಟೂ ಬೆಚ್ಚಗೆ. 40 ಗ್ರಾಂ ಕಾರು ಓಡಿಸಲು ಸಾಕು, ಬಸ್ ಕಾಯಲು ಸಾಲದು. ಬಾತುಕೋಳಿಯ ಪುಕ್ಕ ತುಂಬಿದ್ದು ಹಗುರ, ಬಹಳ ಬೆಚ್ಚಗೆ, ಆದರೆ ಒದ್ದೆಯಾದರೆ ಪುಕ್ಕ ಮುದ್ದೆಯಾಗಿ ಕೆಲಸಕ್ಕೆ ಬಾರದು. ಹಿಮ ಎತ್ತಿ ಹಾಕುವವರಿಗೆ ಸಿಂಥೆಟಿಕ್ ತುಂಬಿದ್ದೇ ವಾಸಿ.

ಹಾಕಿಕೊಂಡು ನೋಡದೆ ಕೊಳ್ಳಬೇಡಿ. ಲೈನರ್ ಹಾಕಿದ ಕೈಯನ್ನೇ ಒಳಗೆ ತೂರಿಸಿ, ಮುಷ್ಟಿ ಕಟ್ಟಿ. ಬೆರಳ ಗೆಣ್ಣಿನ ಮೇಲೆ ಬಟ್ಟೆ ಬಿಗಿಯಾದರೆ ಒಂದು ಸೈಜ್ ದೊಡ್ಡದು ತಗೊಳ್ಳಿ. ಬಿಗಿ ಗ್ಲೌಸ್ ಇರುವ ರಕ್ತವನ್ನೂ ತಡೆಯುತ್ತದೆ. ಬೆರಳ ತುದಿಗೂ ಬಟ್ಟೆಗೂ ನಡುವೆ ತುಸು ಜಾಗ ಇರಲಿ. ಆಮೇಲೆ ತೋಳು ಮೇಲಕ್ಕೆತ್ತಿ. ಜಾಕೆಟ್ಟಿನ ತೋಳಿಗೂ ಗ್ಲೌಸಿಗೂ ನಡುವೆ ಮಣಿಕಟ್ಟು ಕಂಡರೆ ಅದನ್ನು ಅಲ್ಲೇ ವಾಪಸ್ ಇಡಿ. ಉದ್ದ ತೋಳಿನದು, ಎಳೆದು ಬಿಗಿ ಮಾಡುವ ದಾರ ಇರುವುದು ಹುಡುಕಿ. ಮಣಿಕಟ್ಟಿಗೆ ಸಿಕ್ಕಿಸುವ ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು, ಗಾಳಿಯಲ್ಲಿ ಹಾರಿಹೋಗುವುದಿಲ್ಲ.

ಪೆಟ್ರೋಲ್ ಬಂಕಿನಲ್ಲಿ ಜಾಸ್ತಿ ಜಾಗ್ರತೆ ಬೇಕು. ಇಲ್ಲಿ ಹೆಚ್ಚಿನ ಕಡೆ ನಾವೇ ಹಾಕಿಕೊಳ್ಳಬೇಕು, ನಾಜಲ್ ಲೋಹದ್ದು. ಆ ಚಳಿಯಲ್ಲೂ ಪೆಟ್ರೋಲ್ ಹೆಪ್ಪುಗಟ್ಟುವುದಿಲ್ಲ. ಹೊರಗಿನಷ್ಟೇ ತಣ್ಣಗಿರುವ ಪೆಟ್ರೋಲ್ ಚರ್ಮದ ಮೇಲೆ ಚೆಲ್ಲಿದರೆ ಆರುತ್ತಾ ಇನ್ನಷ್ಟು ಬಿಸಿ ಎಳೆದುಕೊಳ್ಳುತ್ತದೆ, ಚರ್ಮ ತಕ್ಷಣ ಹೆಪ್ಪುಗಟ್ಟಬಹುದು. ಅಲ್ಲಿಗೆ ಅಂತಲೇ ಒಂದು ಹಳೆ ಜೊತೆ ಕಾರಿನಲ್ಲಿಡಿ.

ಇಷ್ಟಾಗಿಯೂ ಬೆರಳು, ಕಿವಿ, ಮೂಗಿನ ತುದಿ ಮರಗಟ್ಟಿ ಬಿಳಿಚಿಕೊಂಡರೆ, ನಮ್ಮ ಬಣ್ಣದ ಚರ್ಮದಲ್ಲಿ ಬೂದು ಅಥವಾ ಹಳದಿ ಮಿಶ್ರ ಮಂಕಾಗಿ ಕಂಡರೆ, ತಕ್ಷಣ ಒಳಗೆ ಹೋಗಿ. ಉಜ್ಜಬೇಡಿ. ಹೀಟರಿಗೆ ಹಿಡಿಯಬೇಡಿ, ಮರಗಟ್ಟಿದ ಕೈಗೆ ಸುಟ್ಟರೂ ಗೊತ್ತಾಗುವುದಿಲ್ಲ. 37ರಿಂದ 39 ಡಿಗ್ರಿಯ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ. ನೀರಿನ ಬಿಸಿಯನ್ನು ಮನೆಯ ಇನ್ನೊಬ್ಬರು ಮುಟ್ಟಿ ನೋಡಲಿ. ಮತ್ತೆ ಚಳಿಗೆ ಹೋಗಲೇಬೇಕು ಅನ್ನುವ ಹಾಗಿದ್ದರೆ ಕರಗಿಸಬೇಡಿ, ಕರಗಿದ ಜಾಗ ಮತ್ತೆ ಹೆಪ್ಪುಗಟ್ಟಿದರೆ ಹಾನಿ ಹೆಚ್ಚು. ಬಣ್ಣ ಮರಳದಿದ್ದರೆ, ಗುಳ್ಳೆ ಎದ್ದರೆ ಆಸ್ಪತ್ರೆಗೆ ಹೋಗಿ. ಏನು ಮಾಡಬೇಕು ಅಂತ ಗೊತ್ತಾಗದಿದ್ದರೆ ಹೆಚ್ಚಿನ ಪ್ರಾಂತ್ಯಗಳಲ್ಲಿ 811ಕ್ಕೆ ಫೋನ್ ಮಾಡಿ ನರ್ಸ್ ಜೊತೆ ಮಾತಾಡಬಹುದು. ಚಳಿಯಲ್ಲಿದ್ದವರು ತೊದಲಿದರೆ, ತೂರಾಡಿದರೆ, ನಡುಗುತ್ತಿದ್ದವರು ನಡುಗುವುದನ್ನು ನಿಲ್ಲಿಸಿ ಮಂಕಾದರೆ ಅದು ಹೈಪೋಥರ್ಮಿಯಾ, ಮೈಯ ಬಿಸಿ 35 ಡಿಗ್ರಿಗಿಂತ ಕೆಳಗಿಳಿದಿದೆ. ಆಗ ತಡಮಾಡದೆ ತುರ್ತು ಸಹಾಯದ ಸಂಖ್ಯೆ 911ಕ್ಕೆ ಫೋನ್ ಮಾಡಿ.

ಅಪ್ಪ ಅಮ್ಮ ಬಂದಿದ್ದರೆ ಅವರ ಕೈಯನ್ನು ನೀವೇ ಆಗಾಗ ಮುಟ್ಟಿ ನೋಡಿ. ಸಕ್ಕರೆ ಕಾಯಿಲೆಯಿಂದ ನರ ಬಳಲಿದವರಿಗೆ ಬೆರಳು ಮರಗಟ್ಟಿದ್ದು ತಿಳಿಯುವುದೇ ಇಲ್ಲ. ಪ್ರಾಂತ್ಯದ ಹೆಲ್ತ್ ಕಾರ್ಡ್ ಪ್ರವಾಸಿಗಳಿಗೆ ಸಿಗುವುದಿಲ್ಲ. ಇಲ್ಲಿ ನೆಲೆಸಿದವರ ಅಪ್ಪ ಅಮ್ಮ, ಅಜ್ಜ ಅಜ್ಜಿಗೆ ಕೊಡುವ ಸೂಪರ್ ವೀಸಾದಲ್ಲಿ ಬರುವವರಿಗೆ ಕನಿಷ್ಠ 1 ಲಕ್ಷ ಡಾಲರಿನ ವೈದ್ಯಕೀಯ ವಿಮೆ ಕಡ್ಡಾಯ. ಆ ಕಾಗದದ ಫೋಟೋ ನಿಮ್ಮ ಫೋನಿನಲ್ಲಿರಲಿ.

ಗೋದಾಮು, ಡೆಲಿವರಿ, ಕಟ್ಟಡ ಕೆಲಸಕ್ಕೆ ಸೇರಿದವರಿಗೆ ಒಂದು ಮಾತು. ಅಪಾಯ ಇದೆ ಅನ್ನಿಸಿದರೆ ಕೆಲಸ ನಿರಾಕರಿಸುವ ಹಕ್ಕು ಇಲ್ಲಿ ಎಲ್ಲ ಪ್ರಾಂತ್ಯದಲ್ಲೂ ಕಾನೂನಿನಲ್ಲೇ ಇದೆ. ಬೆಚ್ಚಗಾಗಲು ವಿರಾಮ ಕೇಳುವುದಕ್ಕೆ ಹೊಸಬರು ಅಂತ ಸಂಕೋಚ ಬೇಡ.

ಮನೆಗೆ ಬಂದ ಕೂಡಲೇ ಮಿಟನ್ಸಿನಿಂದ ಲೈನರ್ ಹೊರಗೆಳೆದು, ಎರಡನ್ನೂ ಬಾಯಿ ಅಗಲಿಸಿ ಬೆಚ್ಚಗಿನ ಜಾಗದಲ್ಲಿ ನೇತುಹಾಕಿ. ಒಳಗಿನ ಬೆವರು ರಾತ್ರಿಯೆಲ್ಲ ಆರಲಿ, ಬೆಳಿಗ್ಗೆ ಒಣಗಿದ ಜೊತೆಯನ್ನೇ ಹಾಕಿಕೊಂಡು ಹೊರಡಿ.