ಒಂದು ಕ್ಷೇತ್ರಕ್ಕೆ ನೂರು ಅಂಕ: ಒಂಟಾರಿಯೊ ನಾಯಕತ್ವ ಚುನಾವಣೆಯಲ್ಲಿ ಪಟ್ಟಿ ಹಿಡಿದು ಮಾಡಿದ ಕೆಲಸ

2018ರ ಜನವರಿ 25ರ ನಸುಕಿನಲ್ಲಿ ಪ್ಯಾಟ್ರಿಕ್ ಬ್ರೌನ್ ಕೆನಡಾದ ಒಂಟಾರಿಯೊ ಪ್ರಾಂತದ ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಕ್ಷದ ನಾಯಕತ್ವಕ್ಕೆ ರಾಜೀನಾಮೆ ಕೊಟ್ಟರು. ಪ್ರಾಂತದ ಚುನಾವಣೆ ಜೂನ್ 7ಕ್ಕೆ ನಿಗದಿಯಾಗಿತ್ತು. ವಿಕ್ ಫೆಡೆಲಿ ಹಂಗಾಮಿ ನಾಯಕರಾದರು. ಹೊಸ ನಾಯಕರ ಘೋಷಣೆ ಮಾರ್ಚ್ 10ಕ್ಕೆ, ಮತ ಹಾಕಬೇಕೆಂದರೆ ಸದಸ್ಯರಾಗಲು ಕೊನೆಯ ದಿನ ಫೆಬ್ರವರಿ 16. ಹೊಸಬರನ್ನು ಸೇರಿಸಲು ಸಿಕ್ಕಿದ್ದು ಮೂರು ವಾರ. ಟೊರೊಂಟೊ ಪಕ್ಕದ ಬ್ರಾಂಪ್ಟನ್ ನಗರದ ಕಡೆ ಒಬ್ಬ ಅಭ್ಯರ್ಥಿಯ ಪರವಾಗಿ ಸದಸ್ಯರ ಪಟ್ಟಿ ನೋಡಿಕೊಳ್ಳುವುದು ನನ್ನ ಕೆಲಸ.

ಕರ್ನಾಟಕದ ರಾಜಕೀಯ ನೋಡಿ ಬೆಳೆದವರಿಗೆ ಇದು ಬೇರೆಯದೇ ಆಟ. 2021ರ ಜುಲೈನಲ್ಲಿ ಯಡಿಯೂರಪ್ಪ ಇಳಿದ ಮರುದಿನವೇ ಶಾಸಕಾಂಗ ಪಕ್ಷದ ಸಭೆಯಲ್ಲಿ ಬೊಮ್ಮಾಯಿ ಹೆಸರು ಹೊರಬಿತ್ತು. ಹೆಸರು ದಿಲ್ಲಿಯಿಂದ ಬರುತ್ತದೆ, ಶಾಸಕರು ಕೈ ಎತ್ತುತ್ತಾರೆ. ಒಂಟಾರಿಯೊದ ಈ ಚುನಾವಣೆಯಲ್ಲಿ ಹತ್ತು ಡಾಲರ್ ಕೊಟ್ಟು ಸದಸ್ಯನಾದ 14ರ ಹುಡುಗನಿಗೂ ಹಾಲಿ ಶಾಸಕನಿಗೂ ಇದ್ದದ್ದು ಒಂದೊಂದೇ ಮತ. ಆದರೆ ಎಲ್ಲ ಮತದ ತೂಕವೂ ಒಂದೇ ಅಲ್ಲ. ಹೊಸ ಕಾರ್ಯಕರ್ತರು ಎಡವುವುದು ಇಲ್ಲೇ.

ಪ್ರಾಂತದಲ್ಲಿ 124 ಕ್ಷೇತ್ರ, ಪ್ರತಿ ಕ್ಷೇತ್ರಕ್ಕೆ 100 ಅಂಕ. ಆ ಕ್ಷೇತ್ರದಲ್ಲಿ ಅಭ್ಯರ್ಥಿಗೆ ಬಿದ್ದ ಮತದ ಶೇಕಡಾವಾರು ಎಷ್ಟೋ ಅಷ್ಟು ಅಂಕ. 1,500 ಜನ ಮತ ಹಾಕಿದ ಕಡೆ ಒಂದು ಮತದ ಬೆಲೆ 0.067 ಅಂಕ, 150 ಜನ ಹಾಕಿದ ಕಡೆ 0.67, ಅಂದರೆ ಹತ್ತು ಪಟ್ಟು. ನೂರಕ್ಕಿಂತ ಕಡಿಮೆ ಮತ ಬಿದ್ದಲ್ಲಿ ಒಂದು ಮತಕ್ಕೆ ಒಂದೇ ಅಂಕ. ಹಾಗಾಗಿ ಬ್ರಾಂಪ್ಟನ್‌ನಲ್ಲಿ ಒಂದೇ ಬಡಾವಣೆ ಸುತ್ತಿ ಸದಸ್ಯತ್ವದ ಫಾರ್ಮು ಗುಡ್ಡೆ ಹಾಕಿದರೆ ಫೋಟೊಗೆ ಚೆಂದ, ಅಂಕಕ್ಕೆ ಅಷ್ಟಕ್ಕಷ್ಟೇ. ಅದೇ ಬಡಾವಣೆಯವರ ಅಣ್ಣನೋ ಭಾವನೋ ದೂರದ ಉತ್ತರದ ಸಡ್ಬರಿಯಲ್ಲೋ ಥಂಡರ್ ಬೇಯಲ್ಲೋ ಇದ್ದರೆ ಮೊದಲು ಆ ಫೋನ್ ನಂಬರು ಕೇಳಬೇಕು. ನಾನು ಪಟ್ಟಿಯನ್ನು ಹೆಸರಿನ ಅಕಾರಾದಿಯಲ್ಲಿ ಇಡುತ್ತಿರಲಿಲ್ಲ. ಕ್ಷೇತ್ರದ ಪ್ರಕಾರ ವಿಂಗಡಿಸಿ, ಸದಸ್ಯರು ಕಡಿಮೆ ಇರುವ ಕ್ಷೇತ್ರವನ್ನು ಮೇಲೆ ತರುತ್ತಿದ್ದೆ.

ಕ್ಷೇತ್ರ ಯಾವುದೆಂದು ಅಂದಾಜಿನ ಮೇಲೆ ಬರೆಯಬಾರದು. ಬ್ರಾಂಪ್ಟನ್ ಒಂದರಲ್ಲೇ ಐದು ಕ್ಷೇತ್ರ. ನಡುವಿನ ರಸ್ತೆ ದಾಟಿದರೆ ಕ್ಷೇತ್ರ ಬದಲಾಗಬಹುದು. ಪೋಸ್ಟಲ್ ಕೋಡ್ ಹಾಕಿ ನೋಡಿಯೇ ತುಂಬಿಸಬೇಕು. ಬೇಸ್‌ಮೆಂಟ್ ಬಾಡಿಗೆಯವರಾದರೆ ಯೂನಿಟ್ ನಂಬರನ್ನೂ ಬರೆಯಬೇಕು, ಇಲ್ಲದಿದ್ದರೆ ಪಕ್ಷದಿಂದ ಅಂಚೆಯಲ್ಲಿ ಬರುವ ಕಾಗದ ಮೇಲಿನ ಮನೆಯವರ ಕೈಸೇರುತ್ತದೆ.

ಸದಸ್ಯತ್ವ ಆದ ಮಾತ್ರಕ್ಕೆ ಮತ ಸಿಕ್ಕಂತಲ್ಲ. ಆ ವರ್ಷದ ಮತದಾನ ಆನ್‌ಲೈನ್. ಅಂಚೆಯಲ್ಲಿ ಒಂದು ಕೋಡ್ ಬರಬೇಕು, ಅದನ್ನು ಹಾಕಿ ಗುರುತಿನ ಚೀಟಿ ಅಪ್‌ಲೋಡ್ ಮಾಡಿ ನೋಂದಾಯಿಸಬೇಕು, ಆಮೇಲೆ ಮತ. ಹಾಗಾಗಿ ಪಟ್ಟಿಯಲ್ಲಿ ಒಬ್ಬೊಬ್ಬರ ಮುಂದೆ ನಾಲ್ಕು ಕಾಲಂ: ಫಾರ್ಮ್, ಕಾಗದ, ನೋಂದಣಿ, ಮತ. ಪ್ರತಿ ಹಂತದಲ್ಲೂ ಜನ ಉದುರುತ್ತಾರೆ, ಅತಿ ಹೆಚ್ಚು ಮೂರನೆಯದರಲ್ಲಿ. ನಮ್ಮವರ ಮಟ್ಟಿಗೆ ಮುಖ್ಯ ಕಾರಣ ಇನಿಷಿಯಲ್. ಡ್ರೈವರ್ಸ್ ಲೈಸೆನ್ಸ್‌ನಲ್ಲಿ ಅಪ್ಪನ ಹೆಸರು, ಊರ ಹೆಸರು ಎಲ್ಲ ಪೂರ್ತಿ ಬಿಡಿಸಿ ಬರೆದಿರುತ್ತದೆ, ಫಾರ್ಮಿನಲ್ಲಿ 'ಎಚ್.ಎಸ್.' ಅಂತ ಗೀಚಿರುತ್ತಾರೆ. ಎರಡೂ ತಾಳೆಯಾಗದೆ ಅರ್ಜಿ ಕೂತುಬಿಡುತ್ತದೆ. ಲೈಸೆನ್ಸ್ ಕೈಗೆ ತೆಗೆದುಕೊಂಡು ಅದರಲ್ಲಿರುವ ಅಕ್ಷರವನ್ನೇ ಇಳಿಸಿಕೊಳ್ಳುವುದೊಂದೇ ದಾರಿ. ಮನೆಯವರಿಗೆಲ್ಲ ಒಂದೇ ಇ-ಮೇಲ್ ಕೊಡುವ ಚಾಳಿಯನ್ನೂ ಅಲ್ಲೇ ತಪ್ಪಿಸಬೇಕು. ವಯಸ್ಸಾದವರಿಗೆ ಫೋನಿನಲ್ಲಿ ಹೇಳಿದರೆ ಆಗದು. ಪಕ್ಕದಲ್ಲಿ ಕೂತು ಫೋಟೊ ತೆಗೆಯಲು ನೆರವಾಗಬೇಕು, ಆದರೆ ಮತ ಒತ್ತುವಾಗ ಎದ್ದು ಆಚೆ ಹೋಗಬೇಕು.

ಆ ಬಾರಿ ಕಾಗದಗಳು ತಡವಾದವೆಂಬ ದೂರು ಎಲ್ಲೆಡೆ ಎದ್ದಿತು. ಗಡುವು ವಿಸ್ತರಿಸಿದರೂ ಪ್ರಕರಣ ನ್ಯಾಯಾಲಯದವರೆಗೆ ಹೋಯಿತು, ಅಲ್ಲಿ ಇನ್ನಷ್ಟು ಕಾಲಾವಕಾಶ ಸಿಗಲಿಲ್ಲ. ಮತ ಹಾಕಿದವರು ಸುಮಾರು 64,000. ಅರ್ಹ ಸದಸ್ಯರ ಸಂಖ್ಯೆಗೆ ಹೋಲಿಸಿದರೆ ಅದು ಅರ್ಧವೂ ಅಲ್ಲ.

ಇನ್ನು ಎರಡನೆಯ ಪ್ರಾಶಸ್ತ್ಯ. ಪದವೀಧರ ಕ್ಷೇತ್ರದಲ್ಲಿ ಮತ ಹಾಕಿದವರಿಗೆ ಇದು ಗೊತ್ತು: ಅಭ್ಯರ್ಥಿಗಳನ್ನು ಒಂದು, ಎರಡು ಎಂದು ಕ್ರಮದಲ್ಲಿ ಗುರುತಿಸಬೇಕು, ಕೊನೆಯಲ್ಲಿರುವವರು ಹೊರಬಿದ್ದಾಗ ಅವರ ಮತ ಮುಂದಿನ ಪ್ರಾಶಸ್ತ್ಯದವರಿಗೆ ಹೋಗುತ್ತದೆ. ಎದುರಾಳಿಯ ಬೆಂಬಲಿಗ ಫೋನಿಗೆ ಸಿಕ್ಕಾಗ ವಾದಕ್ಕಿಳಿಯದೆ "ನಿಮ್ಮವರು ಮೊದಲೇ ಹೊರಬಿದ್ದರೆ ಆಮೇಲೆ ಯಾರು?" ಅಂತ ಕೇಳಿ ಐದನೆಯ ಕಾಲಂನಲ್ಲಿ ಬರೆದುಕೊಳ್ಳಬೇಕು. ಇಡೀ ಫಲಿತಾಂಶ ನಿಂತಿದ್ದು ಅದರ ಮೇಲೆ. ಮೊದಲ ಸುತ್ತಿನಲ್ಲಿ ನಾಲ್ವರು ಅಭ್ಯರ್ಥಿಗಳ ಪೈಕಿ ಕ್ರಿಸ್ಟೀನ್ ಎಲಿಯಟ್ ಕೂದಲೆಳೆಯಷ್ಟು ಮುಂದಿದ್ದರು. ಟಾನ್ಯಾ ಗ್ರಾನಿಕ್ ಆಲೆನ್ ಹೊರಬಿದ್ದಾಗ ಅವರ ಮತಗಳಲ್ಲಿ ಹೆಚ್ಚಿನವು ಡಗ್ ಫೋರ್ಡ್‌ಗೆ ಹೋದವು. ಕ್ಯಾರೊಲಿನ್ ಮಲ್ರೋನಿಯವರ ಮತ ಹಂಚಿದ ಮೇಲೆ ಫೋರ್ಡ್‌ಗೆ 6,202.67 ಅಂಕ, ಎಲಿಯಟ್‌ಗೆ 6,049.43. ಒಟ್ಟು ಮತ ಎಲಿಯಟ್‌ಗೇ ಹೆಚ್ಚು, ಗೆದ್ದ ಕ್ಷೇತ್ರಗಳೂ ಅವರಿಗೇ ಹೆಚ್ಚು, ಆದರೆ ಅಂಕ ಫೋರ್ಡ್‌ಗೆ ಹೆಚ್ಚು, ಹಾಗಾಗಿ ನಾಯಕತ್ವವೂ ಅವರಿಗೇ. ಇಬ್ಬರ ಅಂಕ ಕೂಡಿಸಿದರೆ 12,400 ಬರುವುದಿಲ್ಲ, ಏಕೆಂದರೆ ಕೆಲವು ಕ್ಷೇತ್ರಗಳಲ್ಲಿ ನೂರು ಮತವೂ ಬಿದ್ದಿರಲಿಲ್ಲ. ಆ ಕ್ಷೇತ್ರಗಳಲ್ಲಿ ಇನ್ನಷ್ಟು ಜನರನ್ನು ಹುಡುಕಿದ್ದರೆ ಪ್ರತಿಯೊಬ್ಬರಿಗೂ ಇಡೀ ಒಂದು ಅಂಕ ಸಿಗುತ್ತಿತ್ತು.

ಮತ ಯಾವ ಕ್ಷೇತ್ರದ ಲೆಕ್ಕಕ್ಕೆ ಹೋಯಿತು ಎಂಬ ತಕರಾರಿನಿಂದ ಟೊರೊಂಟೊ ಬಳಿಯ ಮಾರ್ಕಮ್‌ನಲ್ಲಿ ಫಲಿತಾಂಶದ ಘೋಷಣೆ ಗಂಟೆಗಟ್ಟಲೆ ತಡವಾಗಿ, ನೆರೆದಿದ್ದವರನ್ನು ಮನೆಗೆ ಕಳಿಸಬೇಕಾಯಿತು. ಎಣಿಕೆಗೆ ಕಳಿಸುವ ಏಜೆಂಟರ ಕೈಗೆ ಪೋಸ್ಟಲ್ ಕೋಡ್ ಸಮೇತ ಪಟ್ಟಿ ಕೊಡಿ ಎನ್ನುವುದು ಇದಕ್ಕೇ.

ಫಲಿತಾಂಶದ ಮರುದಿನದಿಂದ ಜೂನ್ 7ಕ್ಕೆ ಮೂರು ತಿಂಗಳೂ ಇರಲಿಲ್ಲ. ಸೋತ ಬಣದ ಕಾರ್ಯಕರ್ತರಿಗೆ ಒಂದು ವಾರದೊಳಗೆ ಫೋನ್ ಹೋಗಬೇಕು, ಯಾರಿಗೆ ಹಾಕಿದಿರಿ ಎಂಬ ಮಾತೆತ್ತದೆ. ಎಲಿಯಟ್, ಮಲ್ರೋನಿ ಇಬ್ಬರೂ ಕಣಕ್ಕಿಳಿದು ಗೆದ್ದು ಮಂತ್ರಿಗಳಾದರು. ಗ್ರಾನಿಕ್ ಆಲೆನ್ ಅವರ ಉಮೇದುವಾರಿಕೆಯನ್ನು ಪಕ್ಷವೇ ಮೇ ತಿಂಗಳಲ್ಲಿ ಕೈಬಿಟ್ಟಿತು. ಬಣಗಳ ಪಟ್ಟಿಗಳನ್ನು ಒಂದು ಮಾಡಿ, ಎರಡೆರಡು ಬಾರಿ ಬಂದ ಹೆಸರು ತೆಗೆದು, ಕ್ಷೇತ್ರ ಸಮಿತಿಗೆ ಒಪ್ಪಿಸಿದರೆ ಮನೆಮನೆ ಪ್ರಚಾರಕ್ಕೆ ಜನ ಸಿಗುತ್ತಾರೆ. ಜೂನ್‌ನಲ್ಲಿ ಪಕ್ಷಕ್ಕೆ ಬಂದದ್ದು 124ರಲ್ಲಿ 76.