ಮಾಲ್ ಮೇಲೆ ಸೌರ ಘಟಕ: ಫಲಕ ಆರಿಸುವ ಮೊದಲು ತಾರಸಿ ಪರೀಕ್ಷಿಸಿ

ವ್ಯಾಪಾರ ಸಂಕೀರ್ಣದ ಮೇಲೆ ನೂರಾರು ಕಿಲೊವಾಟ್ ಸಾಮರ್ಥ್ಯದ ಸೌರ ಘಟಕ ಹಾಕಿಸುವ ಮಾಲೀಕರು ಫಲಕದ ಕಂಪನಿ, ಫಲಕದ ವಿದ್ಯುತ್ತನ್ನು ಕಟ್ಟಡದ ಬಳಕೆಗೆ ತಕ್ಕಂತೆ ಬದಲಿಸುವ ಇನ್ವರ್ಟರ್‌ನ ವಾರಂಟಿ ಮತ್ತು ಪ್ರತಿ ವಾಟ್‌ನ ದರದ ಬಗ್ಗೆ ತಿಂಗಳುಗಟ್ಟಲೆ ಚೌಕಾಸಿ ಮಾಡುತ್ತಾರೆ. ಅದೆಲ್ಲವನ್ನೂ ಹೊರಬೇಕಾದ ತಾರಸಿಯನ್ನು ಸ್ಟ್ರಕ್ಚರಲ್ ಇಂಜಿನಿಯರರೊಬ್ಬರಿಗೆ ತೋರಿಸುವುದು ಮಾತ್ರ ಬಿಟ್ಟುಹೋಗುತ್ತದೆ. ಮುಂದಿನ ಮಳೆಗಾಲಕ್ಕೆ ಮೇಲಂತಸ್ತಿನ ಅಂಗಡಿಗಳ ಫಾಲ್ಸ್ ಸೀಲಿಂಗ್ ನೆನೆದು ಕಲೆಗಟ್ಟುತ್ತದೆ, ಬಾಡಿಗೆದಾರರ ದೂರುಗಳು ಶುರುವಾಗುತ್ತವೆ, ಸೋರುವ ಜಾಗ ಹುಡುಕಲು ಕೂರಿಸಿದ ಫಲಕಗಳನ್ನೇ ಬಿಚ್ಚಬೇಕಾಗುತ್ತದೆ. ನಾನು ಕಂಡ ಕೆಟ್ಟ ಕಾಮಗಾರಿಗಳಲ್ಲಿ ಹೆಚ್ಚಿನವು ಕೆಟ್ಟಿದ್ದು ತಾರಸಿಯಲ್ಲೇ ಹೊರತು ಫಲಕದಲ್ಲಲ್ಲ.

ಮೊದಲು ಘಟಕದ ಗಾತ್ರ ನಿಗದಿಯಾಗಬೇಕು. ಸಮತಟ್ಟಾದ ಆರ್‌ಸಿಸಿ ತಾರಸಿಯಲ್ಲಿ ಒಂದು ಕಿಲೊವಾಟ್‌ಗೆ ನೆರಳಿಲ್ಲದ ಸುಮಾರು 100 ಚದರ ಅಡಿ ಜಾಗ ಬೇಕು. ಕರ್ನಾಟಕದ ಬಿಸಿಲಿಗೆ ಆ ಒಂದು ಕಿಲೊವಾಟ್ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. ಎಂದರೆ 100 ಕಿಲೊವಾಟ್‌ನ ಘಟಕದಿಂದ ವರ್ಷಕ್ಕೆ ಸುಮಾರು 1.46 ಲಕ್ಷ ಯೂನಿಟ್ ನಿರೀಕ್ಷಿಸಬಹುದು. ಹವಾನಿಯಂತ್ರಣದ ಹೊರೆ ಏರುವ ನಡುಮಧ್ಯಾಹ್ನವೇ ಉತ್ಪಾದನೆಯೂ ಏರುವುದರಿಂದ ಮಾಲ್‌ಗಳಿಗೆ ಸೌರ ವಿದ್ಯುತ್ತು ಬಹಳ ಚೆನ್ನಾಗಿ ಹೊಂದುತ್ತದೆ. ಆದರೆ ಅಂಗಡಿಗಳು ತೆರೆಯುವುದು ಹತ್ತು–ಹನ್ನೊಂದು ಗಂಟೆಗೆ. ಅದಕ್ಕೂ ಮೊದಲಿನ ಎರಡು ಗಂಟೆ ಕಟ್ಟಡದ ಬಳಕೆ ಎಷ್ಟಿರುತ್ತದೆ ಎಂಬುದನ್ನು ಮೀಟರ್ ದಾಖಲೆಯಿಂದ ನೋಡಿಕೊಂಡೇ ಗಾತ್ರ ಗೊತ್ತುಮಾಡಿ. ಕೇಂದ್ರ ಸರ್ಕಾರ 2021ರಲ್ಲಿ ತಿದ್ದಿದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮದಂತೆ ನೆಟ್ ಮೀಟರಿಂಗ್‌ಗೆ (ಹೆಚ್ಚುವರಿ ವಿದ್ಯುತ್ತನ್ನು ಗ್ರಿಡ್‌ಗೆ ಕೊಟ್ಟು ಬಿಲ್ಲಿನಲ್ಲಿ ಕಳೆಯುವ ವ್ಯವಸ್ಥೆ) 500 ಕಿಲೊವಾಟ್ ಅಥವಾ ಮಂಜೂರಾದ ಲೋಡ್, ಇವುಗಳಲ್ಲಿ ಕಡಿಮೆಯಾದದ್ದು ಮಿತಿ. ಮನೆಗಳಿಗೆ ಸಿಗುವ ಪಿಎಂ ಸೂರ್ಯಘರ್ ಸಹಾಯಧನ ವಾಣಿಜ್ಯ ಕಟ್ಟಡಗಳಿಗೆ ಇಲ್ಲ. ಸಹಾಯಧನ ಕೊಡಿಸುತ್ತೇವೆ ಎನ್ನುವ ಗುತ್ತಿಗೆದಾರರನ್ನು ಅಲ್ಲಿಗೇ ಕೈಬಿಡಿ.

ಎರಡನೆಯದು ನೆರಳು. ಲಿಫ್ಟ್ ಕೋಣೆ, ಕೂಲಿಂಗ್ ಟವರ್, ಜಾಹೀರಾತು ಫಲಕ, ಮೊಬೈಲ್ ಟವರ್ ಇವುಗಳ ನೆರಳನ್ನು ಡಿಸೆಂಬರ್ ತಿಂಗಳ ಸೂರ್ಯನ ಸ್ಥಾನಕ್ಕೆ ಲೆಕ್ಕಹಾಕಿಸಿ, ಆ ಜಾಗಗಳನ್ನು ನಕ್ಷೆಯಲ್ಲೇ ಬಿಟ್ಟುಬಿಡಿ.

ಮೂರನೆಯ ಹಂತವೇ ತಾರಸಿ. ಇಲ್ಲಿ ಅವಸರ ಬೇಡ.

550 ವಾಟ್‌ನ ಒಂದು ಫಲಕ ಸುಮಾರು 28 ಕಿಲೊ ತೂಗುತ್ತದೆ. ಹರವಿ ನೋಡಿದರೆ ಚದರ ಮೀಟರಿಗೆ 11 ಕಿಲೊ ಮಾತ್ರ. ಭಾರತೀಯ ಮಾನಕದ ಪ್ರಕಾರ ಜನ ಓಡಾಡುವ ತಾರಸಿಯನ್ನು ಚದರ ಮೀಟರಿಗೆ ಸುಮಾರು 150 ಕಿಲೊ ಹೊರೆಗೆ ವಿನ್ಯಾಸ ಮಾಡಿರಬೇಕಾದ್ದರಿಂದ ಫಲಕಗಳ ತೂಕ ದೊಡ್ಡ ಸಂಗತಿಯಲ್ಲ. ಭಯಪಡಬೇಕಾದದ್ದು ಗಾಳಿಗೆ, ಅದು ಫಲಕವನ್ನು ಒತ್ತುವುದಕ್ಕಿಂತ ಮೇಲಕ್ಕೆತ್ತುವುದೇ ಹೆಚ್ಚು ಅಪಾಯಕರ. ವಿನ್ಯಾಸಕ್ಕೆ ಹಿಡಿಯಬೇಕಾದ ಗಾಳಿಯ ಮೂಲ ವೇಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್. ಅಂತರ ಸಣ್ಣದೆಂದು ತೋರಬಹುದು; ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಮಂಗಳೂರಿನಲ್ಲಿ ಅದು ಶೇ 40ರಷ್ಟು ಹೆಚ್ಚು. ಬೆಂಗಳೂರಿನಲ್ಲಿ ಬಳಸಿದ ಸ್ಟ್ಯಾಂಡ್‌ನ ನಕ್ಷೆಯನ್ನೇ ಕರಾವಳಿಗೆ ಒಯ್ಯುವ ಗುತ್ತಿಗೆದಾರರಿದ್ದಾರೆ; ಅವರಿಂದ ಗಾಳಿಯ ಹೊರೆಗೆ ಸಂಬಂಧಿಸಿದ ಭಾರತೀಯ ಮಾನಕವಾದ ಐಎಸ್ 875ರ ಮೂರನೆಯ ಭಾಗದಂತೆ ಮಾಡಿದ, ನಿಮ್ಮ ಕಟ್ಟಡದ್ದೇ ಆದ ಲೆಕ್ಕವನ್ನು ಸಹಿಯೊಂದಿಗೆ ಕೇಳಿ ಪಡೆಯಿರಿ. ತಾರಸಿಯ ಅಂಚು ಮತ್ತು ಮೂಲೆಗಳಲ್ಲಿ ಗಾಳಿಯ ಎಳೆತ ನಡುಭಾಗಕ್ಕಿಂತ ಜೋರಾಗಿರುವ ಕಾರಣ ಅಲ್ಲಿ ಒಂದಿಷ್ಟು ಜಾಗವನ್ನು ಖಾಲಿ ಬಿಡುವುದೇ ಒಳ್ಳೆಯದು. ಅಗ್ನಿಶಾಮಕ ಸಿಬ್ಬಂದಿಯ ಓಡಾಟಕ್ಕೂ ಅದೇ ದಾರಿಯಾಗುತ್ತದೆ. ಫಲಕಗಳ ಓರೆಯನ್ನು 10 ಡಿಗ್ರಿಯಷ್ಟಕ್ಕೆ ಇಳಿಸಿದರೆ ಉತ್ಪಾದನೆಯಲ್ಲಿ ಆಗುವ ನಷ್ಟ ಅಲ್ಪ, ಗಾಳಿಯ ವಿಷಯದಲ್ಲಿ ಸಿಗುವ ಲಾಭ ದೊಡ್ಡದು.

ಇನ್ನು ಸ್ಟ್ಯಾಂಡನ್ನು ತಾರಸಿಗೆ ಹಿಡಿಸುವ ಬಗೆ. ಮಾಲ್‌ಗಳಲ್ಲಿ ಕಂಬಗಳ ನಡುವಿನ ಅಂತರ ಹೆಚ್ಚಿರುವುದರಿಂದ ಹಲವು ಕಡೆ ಪೋಸ್ಟ್ ಟೆನ್ಷನ್ಡ್ ಸ್ಲ್ಯಾಬ್ ಹಾಕಿರುತ್ತಾರೆ. ಅದರೊಳಗೆ ಬಿಗಿಯಾಗಿ ಎಳೆದ ಉಕ್ಕಿನ ಹುರಿಗಳಿರುತ್ತವೆ; ಡ್ರಿಲ್ಲಿಂಗ್ ಯಂತ್ರ ಒಂದು ಹುರಿಯನ್ನು ಕತ್ತರಿಸಿದರೂ ಸ್ಲ್ಯಾಬ್‌ನ ಬಲವೇ ಕುಗ್ಗುತ್ತದೆ. ಕಟ್ಟಡದ ಮೂಲ ನಕ್ಷೆ ನೋಡದೆ ಒಂದೇ ಒಂದು ತೂತನ್ನೂ ಕೊರೆಯಲು ಬಿಡಬೇಡಿ. ಅಂಥ ಸ್ಲ್ಯಾಬ್ ಇದ್ದರೆ ಕೊರೆಯುವ ಯೋಚನೆಯನ್ನೇ ಬಿಟ್ಟು, ಕಾಂಕ್ರೀಟ್ ದಿಮ್ಮಿಗಳ ಭಾರದಿಂದ ನಿಲ್ಲುವ ಸ್ಟ್ಯಾಂಡ್ ಮಾಡಿಸಿ. ಒಂದೊಂದು ಬದಿ 30 ಸೆಂಟಿಮೀಟರ್ ಇರುವ ದಿಮ್ಮಿ ಸುಮಾರು 65 ಕಿಲೊ ತೂಗುತ್ತದೆ. ಎಷ್ಟು ದಿಮ್ಮಿ, ಎಲ್ಲೆಲ್ಲಿ ಎಂಬುದು ಗಾಳಿಯ ಲೆಕ್ಕದಿಂದ ಬರಬೇಕೇ ಹೊರತು ಮೇಸ್ತ್ರಿಯ ಅಂದಾಜಿನಿಂದಲ್ಲ. ಈ ಭಾರವನ್ನೂ ಸೇರಿಸಿಯೇ ಸ್ಲ್ಯಾಬ್‌ನ ಹೊರೆಯನ್ನು ಪರೀಕ್ಷಿಸಬೇಕು. ದಿಮ್ಮಿಯನ್ನು ವಾಟರ್‌ಪ್ರೂಫಿಂಗ್ ಪದರದ ಮೇಲೆ ನೇರವಾಗಿ ಇಡದೆ ಅಡಿಗೆ ದಪ್ಪ ರಬ್ಬರ್ ಹಾಸು ಹಾಕಬೇಕು, ನೀರಿನ ವಾಟಕ್ಕೆ ಅದು ಅಡ್ಡ ನಿಲ್ಲಬಾರದು.

ಸಾಮಾನ್ಯ ಆರ್‌ಸಿಸಿ ಸ್ಲ್ಯಾಬ್ ಆಗಿದ್ದರೆ ಪುಟ್ಟ ಕಾಂಕ್ರೀಟ್ ಕಟ್ಟೆಗಳನ್ನು ಕಟ್ಟಿ ಅವುಗಳಿಗೆ ಸ್ಟ್ಯಾಂಡ್ ಬಿಗಿಯಬಹುದು. ಹೆಚ್ಚಿನವರು ತಪ್ಪುವುದು ಇಲ್ಲೇ: ಹಳೆಯ ವಾಟರ್‌ಪ್ರೂಫಿಂಗ್ ಮೇಲೆಯೇ ಕಟ್ಟೆ ಎರಕ ಹೊಯ್ಯುತ್ತಾರೆ, ಅಥವಾ ಆ ಪದರವನ್ನು ಕೊರೆದು ಬೋಲ್ಟ್ ಹಾಕಿ ಸುತ್ತ ಒಂದಿಷ್ಟು ಸೀಲೆಂಟ್ ಬಳಿಯುತ್ತಾರೆ. ಸರಿಯಾದ ಕ್ರಮ ಬೇರೆ. ಕಟ್ಟೆ ಬರುವ ಜಾಗದಲ್ಲಿ ಪದರವನ್ನು ಚೌಕವಾಗಿ ಕತ್ತರಿಸಿ ತೆಗೆದು, ಸ್ಲ್ಯಾಬ್‌ನ ಮೈಯನ್ನು ಒರಟುಗೊಳಿಸಿ, ಆದಷ್ಟೂ ಬೀಮಿನ ನೇರಕ್ಕೇ ಕಂಬಿಗಳನ್ನು ರಾಸಾಯನಿಕ ಅಂಟಿನಿಂದ ನೆಟ್ಟು ಕಟ್ಟೆಯನ್ನು ಹೊಯ್ಯಬೇಕು. ಕಟ್ಟೆ ಗಟ್ಟಿಯಾದ ಮೇಲೆ ಅದರ ಬುಡದ ಮೂಲೆಯನ್ನು ಗಾರೆಯಿಂದ ಓರೆಯಾಗಿ ತುಂಬಿ, ಹೊಸ ಪದರವನ್ನು ಹಳೆಯದರ ಮೇಲೂ ಕಟ್ಟೆಯ ಮೈಗುಂಟ ಕನಿಷ್ಠ 15 ಸೆಂಟಿಮೀಟರ್ ಎತ್ತರಕ್ಕೂ ಹತ್ತಿಸಬೇಕು. ಆಮೇಲೆ ನೀರು ಹೋಗುವ ಕೊಳವೆಗಳನ್ನು ಮುಚ್ಚಿ, 5 ಸೆಂಟಿಮೀಟರ್ ಎತ್ತರಕ್ಕೆ ನೀರು ಕಟ್ಟಿ, 48 ಗಂಟೆ ಬಿಟ್ಟು ಕೆಳಗಿನ ಅಂತಸ್ತನ್ನು ಪರೀಕ್ಷಿಸಿ. ಈ ಪರೀಕ್ಷೆ ಮುಗಿಯುವ ತನಕ ಒಂದು ಫಲಕವೂ ಮೇಲೇರಬಾರದು. ಗುತ್ತಿಗೆಯ ಹಣದಲ್ಲಿ ಶೇ 10ರಷ್ಟನ್ನು ಒಂದು ಪೂರ್ತಿ ಮಳೆಗಾಲ ಕಳೆಯುವವರೆಗೆ ತಡೆಹಿಡಿಯುವ ಷರತ್ತನ್ನು ಕರಾರಿನಲ್ಲೇ ಬರೆಸಿ.

ಚಾವಣಿ ಲೋಹದ ಶೀಟಿನದಾಗಿದ್ದರೆ ತಿರುಪುಗಳು ಶೀಟಿನ ಏರಿನಲ್ಲೇ ಇರಬೇಕು. ನೀರು ಹರಿಯುವ ತಗ್ಗಿನಲ್ಲಿ ಹಾಕಿದ ತಿರುಪು ಎಂದಾದರೂ ಸೋರಿಯೇ ಸೋರುತ್ತದೆ. ವಾಷರ್ ಇಪಿಡಿಎಂ ರಬ್ಬರಿನದಾಗಿರಲಿ, ಸಾಧಾರಣ ರಬ್ಬರ್ ಬಿಸಿಲಿಗೆ ಬಿರಿಯುತ್ತದೆ. ಹಚ್ಚುವಾಗ ವಿನೆಗರ್ ವಾಸನೆ ಬರುವ ಅಗ್ಗದ ಸಿಲಿಕೋನ್ ಸೀಲೆಂಟ್ ಸತುವಿನ ಲೇಪವನ್ನು ತಿನ್ನುತ್ತದೆ. ‘ನ್ಯೂಟ್ರಲ್ ಕ್ಯೂರ್’ ಎಂದು ನಮೂದಿಸಿದ್ದನ್ನೇ ತರಿಸಿ. ಬೆಳಕಿಗಾಗಿ ನಡುನಡುವೆ ಹಾಕಿರುವ ಪಾಲಿಕಾರ್ಬೊನೇಟ್ ಶೀಟುಗಳು ಮನುಷ್ಯರ ಭಾರ ತಾಳುವುದಿಲ್ಲ. ಕೆಲಸ ಶುರುವಾಗುವ ಮೊದಲೇ ಅವುಗಳ ಮೇಲೆ ಜಾಲರಿ ಹಾಸಿ, ಪ್ರತಿಯೊಬ್ಬ ಕಾರ್ಮಿಕರಿಗೂ ಸುರಕ್ಷತಾ ಬೆಲ್ಟ್ ಮತ್ತು ಅದನ್ನು ಕಟ್ಟಿಕೊಳ್ಳಲು ಗಟ್ಟಿ ಹಗ್ಗ ಇರುವುದನ್ನು ಖಾತರಿಪಡಿಸಿಕೊಳ್ಳುವುದು ಮಾಲೀಕರ ಹೊಣೆಯೂ ಹೌದು.

ಫಲಕಗಳನ್ನು ಕೂರಿಸುವುದು ಸುಲಭದ ಕೆಲಸ; ಅವುಗಳ ಮೇಲೆ ಯಾರೂ ಕಾಲಿಡದಂತೆ ನೋಡಿಕೊಂಡರೆ ಸಾಕು.

ವೈರಿಂಗ್ ಮಾತ್ರ ಮತ್ತೆ ಗಮನ ಬೇಡುತ್ತದೆ. ಫಲಕಗಳು ಕೊಡುವುದು ಒಂದೇ ದಿಕ್ಕಿನಲ್ಲಿ ಹರಿಯುವ ಡಿಸಿ ವಿದ್ಯುತ್ತು; ಹದಿನೆಂಟು ಫಲಕಗಳ ಒಂದು ಸಾಲಿನಲ್ಲಿ ಅದರ ಒತ್ತಡ 850–900 ವೋಲ್ಟ್‌ ಮುಟ್ಟುತ್ತದೆ. ಗ್ರಿಡ್‌ನಿಂದ ಬರುವ ಎಸಿ ವಿದ್ಯುತ್ತು ಸೆಕೆಂಡಿಗೆ ನೂರು ಬಾರಿ ಸೊನ್ನೆಗೆ ಬರುವುದರಿಂದ ಅದರ ಕಿಡಿ ಆರಲು ಅವಕಾಶವಿದೆ; ಡಿಸಿಯಲ್ಲಿ ಹಾಗಿಲ್ಲದ ಕಾರಣ ಸಡಿಲ ಜೋಡಣೆಯೊಂದು ಬಿಡದೆ ಉರಿಯಬಲ್ಲದು. ಅಮೆರಿಕದಲ್ಲಿ ಟೆಸ್ಲಾದ ಸೌರ ಘಟಕಗಳಿಂದ ತನ್ನ ಏಳು ಮಳಿಗೆಗಳ ಚಾವಣಿಯಲ್ಲಿ ಬೆಂಕಿ ಕಾಣಿಸಿಕೊಂಡಿತೆಂದು ವಾಲ್‌ಮಾರ್ಟ್ 2019ರಲ್ಲಿ ಆ ಕಂಪನಿಯ ವಿರುದ್ಧ ಮೊಕದ್ದಮೆ ಹೂಡಿತ್ತು. ಅದೇ ವರ್ಷ ಅದು ರಾಜಿಯಲ್ಲಿ ಮುಗಿಯಿತು. ಆರೋಪ ಸಾಬೀತಾಗದಿದ್ದರೂ ವ್ಯಾಪಾರ ಮಳಿಗೆಯ ಮಾಲೀಕರು ಯಾವುದಕ್ಕೆ ಅಂಜಬೇಕೆಂಬುದನ್ನು ಆ ಪ್ರಕರಣ ತೋರಿಸುತ್ತದೆ. ಫಲಕಗಳ ತಂತಿಗಳನ್ನು ಸೇರಿಸುವ ಎಂಸಿ4 ಕನೆಕ್ಟರ್‌ಗಳು ಎರಡು ಬೇರೆ ಕಂಪನಿಗಳದ್ದಾಗಿದ್ದರೆ ‘ಕ್ಲಿಕ್’ ಎಂದು ಸೇರಿಕೊಂಡರೂ ಅವನ್ನು ಜೋಡಿಸಕೂಡದು. ತಂತಿಯ ತುದಿಗೆ ಕನೆಕ್ಟರನ್ನು ಅದುಮಿ ಕೂರಿಸಲು (ಕ್ರಿಂಪ್ ಮಾಡಲು) ಅದರದ್ದೇ ಉಪಕರಣ ಬೇಕು, ಕಟಿಂಗ್ ಪ್ಲೇಯರ್ ಅಲ್ಲ. ಕೇಬಲ್ ಐಎಸ್ 17293 ಗುರುತಿನ ಸೋಲಾರ್ ಡಿಸಿ ಕೇಬಲ್ ಆಗಿರಬೇಕು, ತಾರಸಿಯ ಮೇಲೆ ನೀರಿನಲ್ಲಿ ಬಿದ್ದಿರದೆ ಟ್ರೇಯಲ್ಲಿ ಸಾಗಬೇಕು.

ಮಾಲ್‌ಗಳಿಗೇ ವಿಶೇಷವಾದ ಇನ್ನೊಂದು ತೊಡಕು ಡೀಸೆಲ್ ಜನರೇಟರ್. ವಿದ್ಯುತ್ ಹೋದಾಗ ಇನ್ವರ್ಟರ್ ತಾನಾಗಿ ನಿಲ್ಲುತ್ತದೆ. ಜನರೇಟರ್ ಶುರುವಾದೊಡನೆ ಅದನ್ನೇ ಗ್ರಿಡ್ ಎಂದು ಭಾವಿಸಿ ಮತ್ತೆ ಚಾಲೂ ಆಗಬಹುದು. ಬಳಕೆಗಿಂತ ಸೌರ ಉತ್ಪಾದನೆ ಹೆಚ್ಚಾದರೆ ಆ ವಿದ್ಯುತ್ತು ಜನರೇಟರಿನೊಳಗೆ ಹಿಮ್ಮುಖವಾಗಿ ನುಗ್ಗಿ ಯಂತ್ರ ಕೆಡುತ್ತದೆ. ಜನರೇಟರಿನ ಮೇಲೆ ಕನಿಷ್ಠ ಶೇ 30ರಷ್ಟು ಲೋಡ್ ಉಳಿಯುವಂತೆ ಸೌರ ಉತ್ಪಾದನೆಯನ್ನು ತಗ್ಗಿಸುವ ನಿಯಂತ್ರಕವನ್ನು ಆರಂಭದ ಅಂದಾಜುಪಟ್ಟಿಯಲ್ಲೇ ಸೇರಿಸಿ.

ಅರ್ಥಿಂಗ್ ಗುಂಡಿಗಳು ಡಿಸಿ, ಎಸಿ, ಸಿಡಿಲು ನಿರೋಧಕಕ್ಕೆ ಪ್ರತ್ಯೇಕವಾಗಿರಲಿ. ವಿದ್ಯುತ್ ಸರಬರಾಜು ಕಂಪನಿಗೆ (ಎಸ್ಕಾಂ) ಅರ್ಜಿ, ವಿದ್ಯುತ್ ಪರಿವೀಕ್ಷಣಾಲಯದ ಒಪ್ಪಿಗೆ, ದ್ವಿಮುಖ ಮೀಟರ್ ಇವು ಅನುಭವವಿರುವ ಗುತ್ತಿಗೆದಾರರಿಗೆ ಗೊತ್ತಿರುವ ದಾರಿಯೇ. ಒಪ್ಪಿಗೆ ಬರುವ ಮೊದಲು ಘಟಕ ಚಾಲೂ ಮಾಡುವುದಕ್ಕೆ ಮಾತ್ರ ಒಪ್ಪಬೇಡಿ.

ಚಾಲೂ ಆದ ಮೇಲೆ, ಬಿಸಿಲು ಜೋರಾಗಿರುವ ಮಧ್ಯಾಹ್ನ ಥರ್ಮಲ್ ಕ್ಯಾಮೆರಾದಲ್ಲಿ ಪ್ರತಿಯೊಂದು ಕನೆಕ್ಟರ್ ಮತ್ತು ಫಲಕವನ್ನು ನೋಡಿಸಿ, ಚಿತ್ರಗಳನ್ನು ಕಡತದಲ್ಲಿಡಿ. ಫಲಕಗಳನ್ನು ಬೆಳಿಗ್ಗೆ ಬೇಗ ತೊಳೆಯಬೇಕು. ಕಾದ ಗಾಜಿಗೆ ತಣ್ಣೀರು ಬಿದ್ದರೆ ಬಿರುಕು ಬಿಡುವ ಅಪಾಯವಿದೆ. ಫುಡ್ ಕೋರ್ಟ್‌ನ ಅಡುಗೆಮನೆಯ ಹೊಗೆ ಹೊರಬೀಳುವ ಕೊಳವೆ ಹತ್ತಿರವಿದ್ದರೆ ಫಲಕಗಳ ಮೇಲೆ ಎಣ್ಣೆಯ ಪೊರೆ ಕೂತು ಧೂಳು ಅಂಟಿಕೊಳ್ಳುತ್ತದೆ, ಬರಿಯ ನೀರಿಗೆ ಅದು ಹೋಗುವುದಿಲ್ಲ. ಆ ಕೊಳವೆಯ ಬಾಯಿಯನ್ನು ಗಾಳಿ ಫಲಕಗಳತ್ತ ಬೀಸದ ದಿಕ್ಕಿಗೆ ತಿರುಗಿಸಿ ಎತ್ತರಿಸುವ ಖರ್ಚನ್ನು ಘಟಕದ ಖರ್ಚಿನೊಳಗೇ ಲೆಕ್ಕಹಿಡಿಯಿರಿ.