ಬಾಳೆ ದಿಂಡಿನ ಟ್ರೇ ಕೊನೆಗೂ ಗೆದ್ದಿತು

ಪೆಟ್ಟಿಗೆಯನ್ನು ಹತ್ತು ಸಲ ಬೀಳಿಸಿದೆವು. ಒಂದು ಮೂಲೆ, ಆ ಮೂಲೆಗೆ ಸೇರುವ ಮೂರು ಅಂಚು, ಆಮೇಲೆ ಆರು ಮುಖ. ಪ್ರತಿ ಸಲವೂ 76 ಸೆಂಟಿಮೀಟರ್ ಎತ್ತರದಿಂದ. ಪೆಟ್ಟಿಗೆ ಬಿಚ್ಚಿ ನೋಡಿದರೆ ಆರು ಗಾಜಿನ ಬಾಟಲಿಗಳಲ್ಲಿ ಒಂದಕ್ಕೂ ಏನೂ ಆಗಿರಲಿಲ್ಲ. ಅವನ್ನು ಹಿಡಿದುಕೊಂಡಿದ್ದದ್ದು ಬಾಳೆ ದಿಂಡು ಮತ್ತು ಹಳೇ ರಟ್ಟಿನಿಂದ ನಾನೇ ಮಾಡಿದ ಟ್ರೇ. "ಬಾಳೆ ನಾರಿನಿಂದ ಹಗ್ಗ ಆಗುತ್ತೆ, ಪ್ಯಾಕಿಂಗ್ ಆಗಲ್ಲ" ಅಂದವರೂ ಅಲ್ಲೇ ನಿಂತಿದ್ದರು. ಎರಡೂವರೆ ವರ್ಷ ಇದೇ ಮಾತು ಕೇಳಿದ್ದೆ. ಅದಕ್ಕೇ ಇದನ್ನು ಬರೆಯಬೇಕು ಅನ್ನಿಸಿತು.

ಪಲ್ಪ್ ಮೋಲ್ಡಿಂಗ್ (ನೀರಿನಲ್ಲಿ ಕದಡಿದ ನಾರನ್ನು ಜಾಲರಿ ಹೊದಿಸಿದ ಅಚ್ಚಿನ ಮೇಲೆ ಹಿಡಿದು, ಪಂಪಿನ ವ್ಯಾಕ್ಯೂಮಿನಿಂದ ನೀರು ಎಳೆದು ಆಕಾರ ಕೊಡುವುದು) ಮಾಡಿ ಗೊತ್ತಿರುವವರಿಗಾಗಿ ಬರೆಯುತ್ತಿದ್ದೇನೆ. ಅಚ್ಚು, ಜಾಲರಿ, ವ್ಯಾಕ್ಯೂಮ್ ಬಗ್ಗೆ ಇದಕ್ಕಿಂತ ಜಾಸ್ತಿ ಹೇಳುತ್ತಾ ಕೂರುವುದಿಲ್ಲ.

ಮೊದಲ ತಪ್ಪು, ಇಡೀ ದಿಂಡನ್ನೇ ಚೂರು ಮಾಡಿ ಕುದಿಸಿದ್ದು. ದಿಂಡಿನಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರೇ. ಉಳಿದಿದ್ದರಲ್ಲೂ ನಾರಿಗಿಂತ ಮೆತ್ತನೆಯ ತಿರುಳು ಜಾಸ್ತಿ. ಆ ತಿರುಳು ಜಾಲರಿಯ ಕಣ್ಣುಗಳಲ್ಲಿ ಅಂಟಿನ ಹಾಗೆ ಕೂತುಬಿಡುತ್ತಿತ್ತು. ಕೆಲವೇ ಸೆಕೆಂಡಿನಲ್ಲಿ ಬಸಿದು ಹೋಗಬೇಕಾದ ನೀರು ಒಂದು ನಿಮಿಷ ಕಾದರೂ ಇಳಿಯುತ್ತಿರಲಿಲ್ಲ. ಈಗ ಹೊರಗಿನ ಪದರಗಳನ್ನು ಮಾತ್ರ ಸುಲಿದು ತೆಗೆದುಕೊಳ್ಳುತ್ತೇನೆ. ಒಳಗಿನದು ಗೊಬ್ಬರದ ಗುಂಡಿಗೆ.

ಎರಡನೆಯದು ಉದ್ದದ ನಾರು. ಕುದಿಸಿದ ಮೇಲೆ ಅರೆಯೋಣ ಅಂದುಕೊಂಡಿದ್ದೆ. ನಾರು ಬ್ಲೇಡಿನ ಬುಡಕ್ಕೆ ಸುತ್ತಿಕೊಂಡು ಎರಡು ಮೋಟಾರ್ ಸುಟ್ಟುಹೋದವು. ಅರೆದದ್ದರಲ್ಲೂ ಗಂಟುಗಳು. ಪರಿಹಾರ ತೀರಾ ಸರಳ: ಕುದಿಸುವ ಮೊದಲೇ ಒಂದೂವರೆ ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿಬಿಡಿ. ಕೆಲಸ ಬೇಜಾರಿನದು, ಆದರೆ ಗಂಟು ಬರಲ್ಲ.

ಮೂರನೆಯದನ್ನು ದಯವಿಟ್ಟು ಯಾರೂ ಮಾಡಬೇಡಿ. ದುಡ್ಡು ಉಳಿಸೋಣ ಅಂತ ಅಲ್ಯೂಮಿನಿಯಂ ಪಾತ್ರೆಯಲ್ಲಿ, ನಾರು ಬೇಯಿಸಲು ಬೇಕಾದ ಕಾಸ್ಟಿಕ್ ಸೋಡಾ (ತೀಕ್ಷ್ಣ ಕ್ಷಾರ) ಹಾಕಿದೆ. ಸುಯ್ ಅಂತ ಸದ್ದು, ನೊರೆ ಮೇಲೆದ್ದು ಉಕ್ಕಿತು. ಹೊರಬರುತ್ತಿದ್ದ ಗ್ಯಾಸು ಹೈಡ್ರೋಜನ್, ಕೆಳಗೆ ಉರಿಯುವ ಒಲೆ. ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತದೆ. ಪಾತ್ರೆಯ ತಳ ತೂತಾಯಿತು, ನನಗೆ ಏನೂ ಆಗಲಿಲ್ಲ ಅನ್ನುವುದೇ ದೊಡ್ಡದು. ಆವತ್ತಿನಿಂದ ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆ, ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ. ಒಂದು ಕಿಲೋ ಒಣ ನಾರಿಗೆ ನೂರು ಗ್ರಾಂ ಕಾಸ್ಟಿಕ್ ಹಾಕುತ್ತಿದ್ದೆ, ಈಗ ಎಂಬತ್ತಕ್ಕೆ ಇಳಿಸಿದ್ದೇನೆ. ಎರಡು ಗಂಟೆ ಚೆನ್ನಾಗಿ ಕುದಿಯಬೇಕು. ಬೆಂದಿದೆಯಾ ಅಂತ ನೋಡಲು ಒಂದೆಳೆಯನ್ನು ಎತ್ತಿ ತೊಳೆದು, ಎರಡು ಬೆರಳಲ್ಲಿ ಹಿಡಿದು ಎಳೆಯುತ್ತೇನೆ. ಟಪ್ ಅಂತ ಹರಿದರೆ ಇನ್ನೂ ಬೇಯಬೇಕು. ಸದ್ದಿಲ್ಲದೆ ಜಾರಿ ಬಿಟ್ಟುಕೊಂಡರೆ ಸಾಕು.

ಕುದಿಸಿದ ಕಪ್ಪು ನೀರನ್ನು ಗಿಡದ ಬುಡಕ್ಕೆ ಸುಮ್ನೆ ಚೆಲ್ಲಬೇಡಿ. ಅದರಲ್ಲಿ ಸೋಡಿಯಂ ಇರುತ್ತದೆ, ಮಣ್ಣು ಕೆಡುತ್ತದೆ. ನಾನು ಸೋಸಿ, ಇನ್ನಷ್ಟು ಕಾಸ್ಟಿಕ್ ಸೇರಿಸಿ ಎರಡು ಮೂರು ಸಲ ಬಳಸುತ್ತೇನೆ. ತೊಳೆಯುವುದಕ್ಕೂ ಹಾಗೇ: ಈ ಸಲದ ಕೊನೆಯ ತೊಳೆತದ ನೀರು ಮುಂದಿನ ಸಲದ ಮೊದಲ ತೊಳೆತಕ್ಕೆ. ನೀರಿನ ಖರ್ಚು ಮೂರನೇ ಒಂದು ಪಾಲಿಗೆ ಬಂತು.

ಬರೀ ಬಾಳೆ ನಾರಿನ ಟ್ರೇ ಗಟ್ಟಿಯಾಯಿತು, ಆದರೆ ಹಪ್ಪಳದಂತೆ ಬಿರುಸು. ಬಿದ್ದರೆ ಪೆಟ್ಟನ್ನು ತಾನು ತಿನ್ನದೆ ಬಾಟಲಿಗೆ ದಾಟಿಸುತ್ತಿತ್ತು. ರಟ್ಟು ಸೇರಿಸುತ್ತಾ ಹೋದೆ. ಕೊನೆಗೆ ನಿಂತದ್ದು ಹೆಚ್ಚುಕಡಿಮೆ 30 ಪಾಲು ಬಾಳೆ, 70 ಪಾಲು ರಟ್ಟು. ರಟ್ಟನ್ನು ಒಂದು ರಾತ್ರಿಗಿಂತ ಜಾಸ್ತಿ ನೆನೆಹಾಕಬೇಡಿ. ಅದರ ಅಂಟು ಸ್ಟಾರ್ಚು. ಮೂರು ದಿನ ಬಿಟ್ಟಿದ್ದೆ, ಶೆಡ್ಡಿನೊಳಗೆ ಕಾಲಿಡಲಾಗದಷ್ಟು ಹುಳಿ ನಾತ. ಅಚ್ಚಿನ ತೊಟ್ಟಿಯಲ್ಲಿ ನೂರು ಲೀಟರ್ ನೀರಿಗೆ ಒಂದು ಕಿಲೋ ಒಣ ನಾರಿನ ಲೆಕ್ಕ ಸಾಕು. ನೀರು ಬೇಗ ಬಸಿಯಲು ಇದಕ್ಕೆ ಇನ್ನೊಂದು ಸಾಮಾನು ಚೂರೇ ಚೂರು ಹಾಕುತ್ತೇನೆ. ಅದು ಯಾವುದು ಅಂತ ಹೇಳಲ್ಲ. ಕಂಡುಹಿಡಿಯಲು ಎಂಟು ತಿಂಗಳು ಹಿಡಿಯಿತು.

ದುಡ್ಡಿನ ಮಾತಿಗೆ ಬರುತ್ತೇನೆ. ಹಾಕಿದ ಬಂಡವಾಳದಲ್ಲಿ ಅರ್ಧಕ್ಕಿಂತ ಜಾಸ್ತಿ ಅಚ್ಚು ಮತ್ತು ಪಂಪೇ ತಿಂದವು. ಮೊದಲ ಪಂಪಿಗೆ ನೀರು ನುಗ್ಗಿ ಅದರ ಎಣ್ಣೆ ಹಾಲಿನ ಹಾಗೆ ಬೆಳ್ಳಗಾಯಿತು, ಪಂಪು ಸತ್ತಿತು. ನೀರು ಹಿಡಿಯಲು ನಡುವೆ ಒಂದು ಪ್ಲಾಸ್ಟಿಕ್ ಡ್ರಮ್ ಇಟ್ಟೆ. ವ್ಯಾಕ್ಯೂಮ್ ಏರುತ್ತಿದ್ದ ಹಾಗೇ ಅದು ಢಬ್ ಅಂತ ಒಳಕ್ಕೆ ಕುಸಿಯಿತು. ಈಗ ಇರುವುದು ದಪ್ಪ ಕಬ್ಬಿಣದ ಟ್ಯಾಂಕು. ಮೊದಲೇ ಅದನ್ನು ಕೊಂಡಿದ್ದರೆ ಎರಡನೇ ಪಂಪಿನ ದುಡ್ಡು ಉಳಿಯುತ್ತಿತ್ತು.

ಆದರೆ ನಿಜವಾದ ಸೋಲು ಗೆಲುವು ಇದ್ದದ್ದು ಒಣಗಿಸುವುದರಲ್ಲಿ. ಎಲ್ಲರೂ ನಾರಿನ ಬಗ್ಗೆ ಕೇಳುತ್ತಾರೆ, ನೀರಿನ ಬಗ್ಗೆ ಯಾರೂ ಕೇಳಲ್ಲ. ನನ್ನ ಟ್ರೇ ಒಣಗಿದಾಗ ಸುಮಾರು 60 ಗ್ರಾಂ. ಅಚ್ಚಿನಿಂದ ಬಿಡಿಸಿದಾಗ 240. ಅಂದರೆ 180 ಗ್ರಾಂ ನೀರನ್ನು ಬೆಂಕಿ ಹಾಕಿ ಓಡಿಸಬೇಕು. ಒಂದು ಲೀಟರ್ ನೀರು ಆವಿಯಾಗಲು ಏನಿಲ್ಲವೆಂದರೂ 0.7 ಯೂನಿಟ್ ಕರೆಂಟಿನಷ್ಟು ಶಾಖ ಬೇಕು. ಹೀಟರಿನ ಖರ್ಚು ನೋಡಿದಾಗ ಒಂದು ಟ್ರೇ ಥರ್ಮಾಕೋಲಿನ ನಾಲ್ಕು ಪಟ್ಟು ಬೀಳುತ್ತಿತ್ತು. ಬಿಸಿಲಿಗಿಟ್ಟರೆ ಮೇಲಿನ ಮುಖ ಮೊದಲು ಒಣಗಿ ಅಂಚುಗಳು ದೋಣಿಯ ಹಾಗೆ ಮೇಲೇಳುತ್ತಿದ್ದವು.

ಒಂದು ಸಂಜೆ ಹಸಿ ಟ್ರೇಯನ್ನು ಅಂಗೈಯಲ್ಲಿ ಒತ್ತಿದೆ. ಬೆರಳ ಸಂದಿಯಿಂದ ನೀರು ಇಳಿಯಿತು. ಕೈಯಲ್ಲೇ ಇಷ್ಟು ಬರುತ್ತದೆ ಅಂದರೆ ಬೆಂಕಿ ಯಾಕೆ ಅಲ್ವಾ? ಅಚ್ಚಿಗೆ ಸರಿಯಾಗಿ ಕೂರುವ ಇನ್ನೊಂದು ಅಚ್ಚು ಮಾಡಿಸಿ, ಲಾರಿ ಜಾಕಿಯಿಂದ ಒತ್ತಲು ಶುರು ಮಾಡಿದೆ. ಮೊದಲ ಟ್ರೇಗಳು ಸೀಳಿದವು. ಒಮ್ಮೆಲೇ ಒತ್ತಿದರೆ ನೀರಿನ ಜೊತೆ ನಾರೂ ಹರಿದುಹೋಗುತ್ತದೆ. ನಿಧಾನವಾಗಿ, ನಡುವೆ ನಿಲ್ಲಿಸಿ ನಿಲ್ಲಿಸಿ ಒತ್ತಬೇಕು. ಈಗ ಪ್ರೆಸ್ಸಿನಿಂದ ಬಂದ ಟ್ರೇ 130 ಗ್ರಾಂ ಆಸುಪಾಸು ತೂಗುತ್ತದೆ. ಬೆಂಕಿಗೆ ಉಳಿಯುವ ನೀರು ಅರ್ಧಕ್ಕಿಂತ ಕಡಿಮೆ. ಮುಕ್ಕಾಲು ಬಿಸಿಗಾಳಿಯಲ್ಲಿ ಒಣಗಿಸಿ, ಕೊನೆಯದನ್ನು ಬಿಸಿ ಅಚ್ಚಿನ ನಡುವೆ ಬಿಗಿಯಾಗಿ ಹಿಡಿದು ಮುಗಿಸುತ್ತೇನೆ. ಆ ಬಿಗಿತದಿಂದಲೇ ಅಂಚು ಏಳುವುದು ನಿಂತಿತು. ಬಿಸಿ ಅಚ್ಚಿಗೆ ಹಾಕುವ ಮೊದಲು ಟ್ರೇಯ ಹಿಂಬದಿಗೆ ಮಾಡುವ ಒಂದು ಚಿಕ್ಕ ಕೆಲಸ ನನ್ನ ಹತ್ತಿರವೇ ಇರಲಿ.

ನಡುನಡುವೆ ಬೇರೆಯದನ್ನೂ ನೋಡಿದೆ. ತೆಂಗಿನ ನಾರು ಒಂದಕ್ಕೊಂದು ಬೆಸೆಯಲೇ ಇಲ್ಲ, ಒಣಗಿದ ಮೇಲೆ ಬಿಡಿಬಿಡಿಯಾಯಿತು. ಭತ್ತದ ಹೊಟ್ಟಿನಲ್ಲಿ ಸಿಲಿಕಾ ಇರುವುದರಿಂದ ಬ್ಲೇಡು ಮೊಂಡಾಯಿತು. ಮರದ ಪುಡಿಯಲ್ಲಿ ಅಣಬೆಯ ಬೇರುಜಾಲ ಬೆಳೆಸಿ ಮಾಡಿದ ಟ್ರೇ ಬಹಳ ಚೆನ್ನಾಗಿತ್ತು. ಹಗುರ, ಮೃದು, ಬಿಳಿ ತೊಗಲಿನ ಹಾಗೆ ಮೈ. ಆದರೆ ಹಸಿರು ಬೂಷ್ಟು ಬಂದು ಮೂರರಲ್ಲಿ ಎರಡು ಹಾಳಾದವು, ಒಂದು ಟ್ರೇಗೆ ವಾರ ಬೇಕು. ಅದನ್ನು ಬಿಟ್ಟಿಲ್ಲ, ಪಕ್ಕಕ್ಕಿಟ್ಟಿದ್ದೇನೆ ಅಷ್ಟೇ.

ಈಗ ಒಂದು ಟ್ರೇ ಥರ್ಮಾಕೋಲಿಗಿಂತ ಕಾಲು ಭಾಗ ಜಾಸ್ತಿ ಬೀಳುತ್ತದೆ. ತೂಕವೂ ಮೂರು ಪಟ್ಟು. ಆದರೆ ಥರ್ಮಾಕೋಲಿನಲ್ಲಿ ನೂರಕ್ಕೆ 98 ಪಾಲು ಗಾಳಿ, ಲಾರಿಯಲ್ಲಿ ಆ ಗಾಳಿಗೂ ಬಾಡಿಗೆ ಕೊಡಬೇಕು. ನನ್ನ ಟ್ರೇ ಒಂದರೊಳಗೊಂದು ಕೂರುತ್ತವೆ. ಅದೇ ಜಾಗದಲ್ಲಿ ಐದಾರು ಪಟ್ಟು ಹೋಗುತ್ತವೆ. ಸಾಗಣೆ ಸೇರಿಸಿ ಲೆಕ್ಕ ಹಾಕಿದರೆ ಎರಡೂ ಸಮಸಮ.

ತೇವ ತಡೆಯಲು ರೋಸಿನ್ (ಪೈನ್ ಮರದ ರಾಳ) ಮತ್ತು ಪಟಿಕ ಹಾಕುತ್ತಿದ್ದೇನೆ. ನೀರು ಚಿಮುಕಿಸಿದರೆ ತಡೆಯುತ್ತದೆ, ನೆನೆಸಿಟ್ಟರೆ ತಡೆಯಲ್ಲ. ಹನ್ನೆರಡು ಬಾಟಲಿಯ ಎರಡನೇ ಅಚ್ಚು ಈಗ ಕೊರೆಸುತ್ತಿದ್ದೇನೆ. ಮೊದಲ ಅಚ್ಚಿನಲ್ಲಿ ಒಣಗಿದ ಟ್ರೇ ನೂರಕ್ಕೆ ಐದರಷ್ಟು ಕುಗ್ಗಿ ಬಾಟಲಿ ಒಳಗೇ ಹೋಗಿರಲಿಲ್ಲ, ಅಚ್ಚನ್ನೇ ಮತ್ತೆ ಮಾಡಿಸಬೇಕಾಯಿತು. ಈ ಸಲ ಆ ಐದನ್ನು ಮೊದಲೇ ಸೇರಿಸಿ ಅಳತೆ ಕೊಟ್ಟಿದ್ದೇನೆ.